ತ್ರಿಭುವನಾಚಾರಿ ಗುಂಡ

ನಿಮ್ಮಲ್ಲಿ ಅನೇಕರು ಪಟ್ಟದಕಲ್ಲನ್ನು ನೋಡಿದ್ದೀರಿ. ಬಾದಾಮಿ, ಐಹೊಳೆ, ಪಟ್ಟದಕಲ್ಲು ಮೂರನ್ನೂ ಒಂದೇ ದಿನದಲ್ಲಿ ಮುಗಿಸಿ, ಬನಶಂಕರಿಯಲ್ಲಿ ಬುಟ್ಟಿ ಹೊತ್ತು ಬರುವ ತಾಯಂದಿರ ಕೈಯಿಂದ ಜೋಳದ ರೊಟ್ಟಿ, ಮೊಸರು ಉಂಡು, ರಾತ್ರಿ ಬಸ್ಸಿಗೆ ಹೈದರಾಬಾದಿಗೆ ಮರಳಿದವರೂ ಇದ್ದೀರಿ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದವರು ಯಾರು ಎಂದು ಕೇಳಿದರೆ ಶಾಲೆಯ ಮಕ್ಕಳೂ ಹೇಳಬಲ್ಲರು: ಚಾಲುಕ್ಯರ ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ. ಸರಿ. ಆದರೆ ಕಟ್ಟಿದವರು ಯಾರು?

ಕಟ್ಟಿಸಿದವರು, ಕಟ್ಟಿದವರು. ಎರಡು ಮಾತಿಗೂ ಒಂದೇ ಒಂದು ‘ಸಿ’ ಅಕ್ಷರದ ವ್ಯತ್ಯಾಸ. ನಮ್ಮ ಚರಿತ್ರೆಯ ಪುಸ್ತಕಗಳೆಲ್ಲ ಆ ‘ಸಿ’ ಇರುವವರ ಕಡೆಗೇ ನಿಂತುಬಿಟ್ಟಿವೆ. ಇಲ್ಲದವರ ಬಗ್ಗೆ ಕೇಳಿದರೆ ‘ಯಾರೋ ಅನಾಮಿಕ ಶಿಲ್ಪಿಗಳು’ ಎಂದು ಒಂದು ನಿಟ್ಟುಸಿರು, ಅಷ್ಟೆ. ಅನಾಮಿಕ ಎನ್ನುವುದು ಬಹಳ ಕಡೆ ನಿಜವೂ ಹೌದು. ಪಟ್ಟದಕಲ್ಲಿನ ವಿಷಯದಲ್ಲಿ ಮಾತ್ರ ಅದು ಸುಳ್ಳು. ಅಲ್ಲಿ ಕಟ್ಟಿದವನ ಹೆಸರು ದೇವಾಲಯದ ಪೂರ್ವದ ಹೆಬ್ಬಾಗಿಲಲ್ಲಿಯೇ, ಎಲ್ಲರೂ ಓಡಾಡುವ ಜಾಗದಲ್ಲಿ, ಕನ್ನಡದಲ್ಲಿ ಕೊರೆದಿದೆ. ಅವನ ಹೆಸರು ಗುಂಡ. ಅನಿವಾರಿತಾಚಾರಿ ಎಂಬ ದೊಡ್ಡ ಹೆಸರೂ ಅವನಿಗಿತ್ತು. ರಾಜಮನ್ನಣೆಯಾಗಿ ದೊರೆತ ಹೆಸರು ತ್ರಿಭುವನಾಚಾರಿ.

ಇವನ ಕಥೆ ನಮಗೇಕೆ, ಅದೂ ಈ ಊರಿನಲ್ಲಿ ಕುಳಿತು, ಎಂದು ನೀವು ಕೇಳಬಹುದು. ಕಾರಣವಿದೆ, ಮುಂದೆ ಹೇಳುತ್ತೇನೆ. ಮೊದಲು ಗುಂಡನ ಕಾಲಕ್ಕೆ ಹೋಗೋಣ.

ಕ್ರಿ.ಶ. 642ರಲ್ಲಿ ಪಲ್ಲವರ ನರಸಿಂಹವರ್ಮ ಬಾದಾಮಿಗೆ ನುಗ್ಗಿ ಅದನ್ನು ಸೂರೆಮಾಡಿದ. ಇಮ್ಮಡಿ ಪುಲಕೇಶಿಯಂಥ ವೀರನ ರಾಜಧಾನಿಯೇ ಹಾಳಾಯಿತು. ಆ ಸೇಡು ಮೂರು ನಾಲ್ಕು ತಲೆಮಾರು ಹೊಗೆಯಾಡುತ್ತಲೇ ಇತ್ತು. ಸುಮಾರು 733ರಿಂದ 744ರವರೆಗೆ ಆಳಿದ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಮೂರು ಬಾರಿ ಗೆದ್ದನೆಂದು ಶಾಸನಗಳು ಹೇಳುತ್ತವೆ. ಗೆದ್ದವನು ಊರನ್ನು ಸುಡಬಹುದಿತ್ತು, ಸುಡಲಿಲ್ಲ. ಕಂಚಿಯ ಕೈಲಾಸನಾಥ ದೇವಾಲಯದ ಸಂಪತ್ತನ್ನು ನೋಡಿ, ಅದನ್ನು ದೇವರಿಗೇ ಬಿಟ್ಟುಕೊಟ್ಟು, ಆ ಸಂಗತಿಯನ್ನು ಅಲ್ಲಿಯೇ ಒಂದು ಕಂಬದ ಮೇಲೆ ಕನ್ನಡದಲ್ಲಿ ಬರೆಸಿ ಬಂದ. ತಮಿಳುನಾಡಿನ ಎದೆಯ ಮೇಲೆ ಇಂದಿಗೂ ಇರುವ ಆ ಕನ್ನಡ ಬರಹ ಸೇಡಿನದಲ್ಲ ಎಂಬುದು ನನಗೆ ಬಹಳ ಸಮಾಧಾನ ಕೊಡುವ ವಿಷಯ.

ಆ ಗೆಲುವಿನ ನೆನಪಿಗೆ ರಾಣಿಯರು ಪಟ್ಟದಕಲ್ಲಿನಲ್ಲಿ ಎರಡು ಶಿವಾಲಯಗಳನ್ನು ಕಟ್ಟಿಸಿದರು. ಹಿರಿಯಳಾದ ಲೋಕಮಹಾದೇವಿಯದು ಲೋಕೇಶ್ವರ. ಅದನ್ನೇ ನಾವು ಈಗ ವಿರೂಪಾಕ್ಷ ಎನ್ನುತ್ತೇವೆ. ತ್ರೈಲೋಕ್ಯಮಹಾದೇವಿಯದು ತ್ರೈಲೋಕ್ಯೇಶ್ವರ, ಅಂದರೆ ಈಗಿನ ಮಲ್ಲಿಕಾರ್ಜುನ. ರಾಣಿಯ ದೇವಾಲಯದ ಕೆಲಸ ಗುಂಡನ ಕೈಗೆ ಬಂತು.

ಶಾಸನ ಅವನನ್ನು ಕರೆಯುವುದು ‘ಸೂತ್ರಧಾರಿ’ ಎಂದು. ಈ ಮಾತು ಈಗ ನಾಟಕದವರ ಪಾಲಾಗಿದೆ. ಮೂಲದಲ್ಲಿ ಅದು ಕೈಯಲ್ಲಿ ನೂಲು ಹಿಡಿದವನು, ಅಳತೆಯ ದಾರ ಹಿಡಿದು ಎಲ್ಲಿ ಗೋಡೆ, ಎಲ್ಲಿ ಬಾಗಿಲು ಎಂದು ನೆಲದ ಮೇಲೆ ಗೆರೆ ಹಾಕುವವನು. ನಮ್ಮ ಕಾಲದ ಮಾತಿನಲ್ಲಿ ಆರ್ಕಿಟೆಕ್ಟ್. ಇವತ್ತಿಗೂ ಗಾರೆ ಕೆಲಸದವರು ದಾರ ಕಟ್ಟದೆ ಒಂದು ಸಾಲು ಇಟ್ಟಿಗೆ ಇಡುವುದಿಲ್ಲ. ಆ ದಾರದ ತುದಿಗೆ ಕಟ್ಟುವ ತೂಕಕ್ಕೆ ‘ಗುಂಡು’ ಎನ್ನುತ್ತಾರೆ. ನಮ್ಮ ಸೂತ್ರಧಾರಿಯ ಹೆಸರು ಗುಂಡ ಎಂದಿರುವುದು ಕೇವಲ ಆಕಸ್ಮಿಕ, ಆದರೂ ನನಗೆ ಅದು ಇಷ್ಟ.

ಅವನು ಏನು ಕಟ್ಟಿದ ಎಂಬುದನ್ನು ನಿಧಾನವಾಗಿ ನೋಡಬೇಕು. ಪೂರ್ವಾಭಿಮುಖವಾದ ಗರ್ಭಗುಡಿ, ಅದರ ಸುತ್ತ ಗೋಡೆಯೊಳಗೇ ಅಡಗಿದ ಪ್ರದಕ್ಷಿಣಾ ಪಥ, ಮುಂದೆ ಕಂಬಗಳ ಸಭಾಮಂಟಪ, ಮೂರು ಕಡೆ ಮುಖಮಂಟಪಗಳು, ಎದುರಿಗೆ ಬೇರೆಯಾಗಿ ನಿಂತ ನಂದಿಮಂಟಪ, ಎಲ್ಲವನ್ನೂ ಬಳಸಿದ ಪ್ರಾಕಾರ. ಮೇಲೆ ಅಂತಸ್ತು ಅಂತಸ್ತಾಗಿ ಏರುವ ದ್ರಾವಿಡ ಶೈಲಿಯ ವಿಮಾನ, ಅದರ ಮುಂಭಾಗಕ್ಕೆ ಗಿಳಿಯ ಮೂಗಿನಂತೆ ಚಾಚಿಕೊಂಡ ಶುಕನಾಸ. ಕಂಚಿಯ ಕೈಲಾಸನಾಥವನ್ನು ಕಂಡವರಿಗೆ ಇಲ್ಲಿ ಬಂದಾಗ ಅದರ ನೆನಪಾಗದೆ ಇರದು. ಆದರೆ ಇದು ನಕಲಲ್ಲ. ಸಭಾಮಂಟಪದ ವಿಸ್ತಾರ, ಕಲ್ಲಿನ ಜಾಲಂದ್ರಗಳಿಂದ ಸೋಸಿ ಬರುವ ಮಂದ ಬೆಳಕು, ಕಂಬಗಳ ಮೇಲೆ ರಾಮಾಯಣ, ಮಹಾಭಾರತ, ಪಂಚತಂತ್ರದ ಕಥೆಗಳ ಸಾಲು, ಇವು ನಮ್ಮ ಮಲಪ್ರಭೆಯ ದಡದ ಕೆಲಸ. ಕಲ್ಲು ಆ ಸೀಮೆಯ ಮರಳುಗಲ್ಲೇ. ದೊಡ್ಡ ದೊಡ್ಡ ದಿಮ್ಮಿಗಳನ್ನು ಗಾರೆಯ ಹಂಗಿಲ್ಲದೆ ಒಂದರ ಮೇಲೊಂದು ಕೂರಿಸಿದ್ದಾರೆ. ಸುಮಾರು 1280 ವರ್ಷಗಳಾದರೂ ಅದು ನಿಂತಿದೆ, ಪೂಜೆಯೂ ನಡೆಯುತ್ತಿದೆ. ಮೊನ್ನೆ ಮೊನ್ನೆ ಗೃಹಪ್ರವೇಶವಾದ ಅಪಾರ್ಟ್‌ಮೆಂಟಿನ ತಾರಸಿ ಸೋರುವುದನ್ನು ಕಂಡಿರುವ ನಮ್ಮಂಥವರು ಇಲ್ಲಿ ಒಂದು ಗಳಿಗೆ ತಲೆಬಾಗಿ ನಿಲ್ಲಬೇಕು.

ಇಂಥ ಕೆಲಸವನ್ನು ಒಬ್ಬನೇ ಮಾಡುವುದಿಲ್ಲವಷ್ಟೆ. ಕಲ್ಲು ಒಡೆಯುವವರು, ಸಾಗಿಸುವವರು, ಚಚ್ಚೌಕ ಮಾಡುವವರು, ಲತೆ ಬಳ್ಳಿ ಕೊರೆಯುವವರು, ಕಡೆಗೆ ದೇವರ ಕಣ್ಣು ತೆರೆಯುವ ನುರಿತ ಕೈ. ಇವರನ್ನೆಲ್ಲ ತಯಾರು ಮಾಡಿದ ಪಾಠಶಾಲೆ ಯಾವುದು? ಅದನ್ನು ಕಾಣಬೇಕಾದರೆ ಹತ್ತಿರದಲ್ಲೇ ಇರುವ ಸಂಗಮೇಶ್ವರ ಗುಡಿಯ ಗೋಡೆಗಳ ಬಳಿ ಹೋಗಿ. ವಿಕ್ರಮಾದಿತ್ಯನ ತಂದೆ ವಿಜಯಾದಿತ್ಯ ಕಟ್ಟಿಸಲು ಹೊರಟ ಈ ಗುಡಿಯ ಶಿಲ್ಪಗಳು ಪೂರ್ಣವಾಗಲಿಲ್ಲ. ಒಂದು ಕಡೆ ಬರೀ ಉಬ್ಬಿದ ಕಲ್ಲು, ಇನ್ನೊಂದು ಕಡೆ ಮನುಷ್ಯಾಕಾರದ ಹೊರಗೆರೆ, ಮತ್ತೊಂದು ಕಡೆ ಅರ್ಧ ಮೂಡಿದ ಮೈಕಟ್ಟು. ಕಲ್ಲನ್ನು ಮೊದಲು ಗೋಡೆಗೆ ಕೂರಿಸಿ, ಆಮೇಲೆ ಅಲ್ಲಿಯೇ ಕೊರೆಯುತ್ತಿದ್ದರು ಎಂಬುದು ಇದರಿಂದ ತಿಳಿಯುತ್ತದೆ. ತಪ್ಪಾದರೆ ಕಲ್ಲು ಬದಲಿಸುವ ಹಾಗಿಲ್ಲ. ಆದ್ದರಿಂದ ಯಾವ ಹುಡುಗನಿಗೆ ಯಾವ ಕೆಲಸ ಕೊಡಬೇಕು, ಯಾವಾಗ ಅವನ ಕೈಯಿಂದ ಉಳಿ ತೆಗೆದುಕೊಂಡು ತಾನೇ ಹೊಡೆಯಬೇಕು ಎಂಬುದು ಗುರುವಿಗೆ ಗೊತ್ತಿರಬೇಕಾಗಿತ್ತು. ಪಟ್ಟದಕಲ್ಲಿಗೆ ಹೋದವರು ಮುಗಿದ ಶಿಲ್ಪಗಳನ್ನು ನೋಡಿ ಬರುತ್ತಾರೆ. ಮುಗಿಯದವುಗಳ ಮುಂದೆ ನಿಂತರೆ ಒಂದು ತರಗತಿಯಲ್ಲೇ ಕುಳಿತಂತಾಗುತ್ತದೆ ಎಂದು ನನ್ನ ಅನುಭವ.

ಈಗ ಶಾಸನಕ್ಕೆ ಬರೋಣ. ಹತ್ತೊಂಬತ್ತನೆಯ ಶತಮಾನದಲ್ಲಿ ಜೆ. ಎಫ್. ಫ್ಲೀಟ್ ಎಂಬ ವಿದ್ವಾಂಸ ಪಟ್ಟದಕಲ್ಲಿನ ಶಾಸನಗಳನ್ನು ಓದಿ ಪ್ರಕಟಿಸಿದ. ಗುಂಡನ ಬಗ್ಗೆ ಅಲ್ಲಿರುವುದು ಕೆಲವೇ ಸಾಲು. ಆದರೆ ಆ ಸಾಲುಗಳಲ್ಲಿ ಮೂರು ಸಂಗತಿಗಳಿವೆ. ಕಂಚಿಯನ್ನು ಮೂರು ಬಾರಿ ಗೆದ್ದ ವಿಕ್ರಮಾದಿತ್ಯನ ರಾಣಿಯ ಗುಡಿಯನ್ನು ಕಟ್ಟಿದ ಈ ಸೂತ್ರಧಾರಿಗೆ ‘ಪೆರ್ಜೆರೆಪು’ ಎಂಬ ಪಟ್ಟ ಕಟ್ಟಿದರು. ತ್ರಿಭುವನಾಚಾರಿ ಎಂಬ ಹೆಸರಿತ್ತರು. ಪಟ್ಟ ಕಟ್ಟುವುದೆಂದರೆ ಹಣೆಗೆ ಕಟ್ಟುವ ಗೌರವದ ಪಟ್ಟಿ. ರಾಜರು ಪಟ್ಟಾಭಿಷಿಕ್ತರಾಗುತ್ತಿದ್ದ ಊರೆಂದೇ ಪಟ್ಟದಕಲ್ಲಿಗೆ ಆ ಹೆಸರು ಬಂದದ್ದು. ಅದೇ ಊರಿನಲ್ಲಿ ಒಬ್ಬ ಕಲ್ಲುಕೆಲಸದವನ ಹಣೆಗೂ ಪಟ್ಟ ಬಂತು!

ಮೂರನೆಯ ಸಂಗತಿ ನನ್ನನ್ನು ಬಹುಕಾಲ ಕಾಡಿದೆ. ಆ ಸೀಮೆಯ ಕುಶಲಕರ್ಮಿಗಳ ಮೇಲಿದ್ದ ಬಹಿಷ್ಕಾರ ರದ್ದಾಯಿತು ಎಂಬ ಅರ್ಥದ ಮಾತು ಅಲ್ಲಿದೆ. ಫ್ಲೀಟ್ ಕಾಲದಿಂದ ವಿದ್ವಾಂಸರು ಈ ಮಾತನ್ನು ಹೀಗೆಯೇ ಅರ್ಥೈಸಿದ್ದಾರೆ. ಯಾವ ತಪ್ಪಿಗೆ, ಯಾರು ಅವರನ್ನು ಹೊರಗಿಟ್ಟಿದ್ದರು ಎಂದು ಶಾಸನ ಹೇಳುವುದಿಲ್ಲ. ಆದರೆ ಯೋಚಿಸಿ ನೋಡಿ. ಒಂದು ಸೀಮೆಯ ಕೈಕೆಲಸದವರೆಲ್ಲ ಸಮಾಜದಿಂದ ಹೊರಗೆ. ಅವರ ಮನೆಯಲ್ಲಿ ಯಾರೂ ನೀರು ಮುಟ್ಟುವುದಿಲ್ಲ, ಹೆಣ್ಣು ತರುವುದಿಲ್ಲ, ಕೊಡುವುದಿಲ್ಲ. ಬಹಿಷ್ಕಾರವೆಂದರೆ ಏನೆಂಬುದನ್ನು ನಮ್ಮ ಹಳ್ಳಿಗಳನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ರಾಜ್ಯದ ಅತಿ ದೊಡ್ಡ ದೇವಾಲಯ ಎದ್ದು ನಿಂತ ಹೊತ್ತಿನಲ್ಲಿ, ಅದನ್ನು ಕಟ್ಟಿದವನ ಸನ್ಮಾನದ ಜತೆಯಲ್ಲಿಯೇ, ಆ ಶಿಕ್ಷೆ ಹೋಯಿತು. ಗುಂಡನೇ ಅದನ್ನು ಕೇಳಿ ಪಡೆದನೆಂದು ನಾನು ಹೇಳಲಾರೆ. ಆದರೆ ಅವನ ಗೌರವವನ್ನೂ ಅವನ ಜನರ ಬಿಡುಗಡೆಯನ್ನೂ ಒಂದೇ ಶಾಸನದಲ್ಲಿ, ಒಂದೇ ಉಸಿರಿಗೆ ಬರೆಸಿದ್ದಾರೆ. ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸುವ ನಮ್ಮ ಸನ್ಮಾನಗಳು ಇದರ ಮುಂದೆ ಬಡವಾಗಿ ಕಾಣುತ್ತವೆ.

ಅದೇ ಬಾಗಿಲಲ್ಲಿ ಇನ್ನೊಂದು ಹೆಸರೂ ಇದೆ: ಸರ್ವಸಿದ್ಧಿ ಆಚಾರಿ, ತೆಂಕಣ ದಿಶೆಯ ಸೂತ್ರಧಾರಿ. ಇದು ಗುಂಡನದೇ ಮತ್ತೊಂದು ಬಿರುದೋ, ಬೇರೊಬ್ಬ ಸೂತ್ರಧಾರಿಯ ಹೆಸರೋ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಯಾರೇ ಆಗಲಿ, ಅವನ ವಿದ್ಯೆಯ ಪಟ್ಟಿ ನೋಡಿ: ಊರುಗಳ ನಿರ್ಮಾಣ, ಮನೆ, ಅರಮನೆ ಅಥವಾ ದೇವಾಲಯ, ವಾಹನ, ಆಸನ, ಹಾಸಿಗೆ ಮಂಚ, ಕಡೆಗೆ ರತ್ನದ ಕಿರೀಟ. ಊರು ಕಟ್ಟುವುದರಿಂದ ಹಿಡಿದು ಮಲಗುವ ಮಂಚದವರೆಗೆ ಒಬ್ಬನ ಬುದ್ಧಿಯೊಳಗೆ! ಅನೇಕ ಪುರಗಳ ವಾಸ್ತುವಿಗೆ ಪಿತಾಮಹ ಎಂದೂ ಅವನನ್ನು ಹೊಗಳಿದ್ದಾರೆ. ಹೊಗಳಿಕೆಯಲ್ಲಿ ಸ್ವಲ್ಪ ಉಪ್ಪು ಖಾರ ಸೇರಿರಬಹುದು. ನಮ್ಮ ಶಿಲ್ಪಿಗಳೇನೂ ಸಂಕೋಚದವರಲ್ಲ. ಪಕ್ಕದ ಐಹೊಳೆಯ ಒಂದು ಗುಡಿಯಲ್ಲಿ ನರಸೊಬ್ಬ ಎಂಬ ಶಿಲ್ಪಿಯ ಬಗ್ಗೆ, ಮನೆ ಗುಡಿ ಕಟ್ಟುವುದರಲ್ಲಿ ಇವನಂಥವನು ಜಂಬೂದ್ವೀಪದಲ್ಲಿ ಹಿಂದೆ ಇರಲಿಲ್ಲ, ಮುಂದೆ ಬರುವುದೂ ಇಲ್ಲ ಎಂಬರ್ಥದ ಬರಹವಿದೆ.

ಪಟ್ಟದಕಲ್ಲಿನಲ್ಲಿ ಮತ್ತೂ ಹೆಸರುಗಳಿವೆ. ದುಗ್ಗಿ ಆಚಾರಿಯ ಮಗ ಬಲದೇವ ಒಬ್ಬ. ಇನ್ನೊಬ್ಬ, ಸ್ವಲ್ಪ ದೂರದಲ್ಲಿರುವ ಪಾಪನಾಥ ದೇವಾಲಯದ ರೇವಡಿ ಓವಜ್ಜ. ಅವನು ತನ್ನನ್ನು ಸರ್ವಸಿದ್ಧಿ ಆಚಾರಿಯ ಪರಂಪರೆಗೆ ಸೇರಿಸಿಕೊಂಡಿದ್ದಾನೆ. ಅಂದರೆ ಆ ಗುರು ಬರೀ ಕಟ್ಟಡಗಳನ್ನು ಬಿಟ್ಟುಹೋಗಲಿಲ್ಲ, ತನ್ನ ಹೆಸರು ಹೇಳಿಕೊಳ್ಳುವ ಶಿಷ್ಯವರ್ಗವನ್ನೂ ಬಿಟ್ಟುಹೋದ.

ಈ ‘ಓವಜ್ಜ’ ಎಂಬ ಮಾತಿನ ಬಳಿ ನಾನು ನಿಮ್ಮನ್ನು ಹೈದರಾಬಾದಿಗೆ ಕರೆತರಬೇಕು.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಬಾಗಿಲು ಮಳೆಗೆ ಉಬ್ಬಿ, ಮುಚ್ಚಲು ಬಾರದಾಯಿತು. ಬಡಗಿಯೊಬ್ಬರನ್ನು ಕರೆಸಿದೆ. ನಲ್ಗೊಂಡದ ಕಡೆಯ ಹಿರಿಯರು. ಕೆಲಸ ಮಾಡುತ್ತಲೇ ಜತೆಯಲ್ಲಿದ್ದ ಹುಡುಗನಿಗೆ ಉಜ್ಜುಗೊರಡು ಹಿಡಿಯುವುದನ್ನು ಹೇಳಿಕೊಡುತ್ತಿದ್ದರು. ಹಣ ಕೊಡುವಾಗ ಹೆಸರು ಕೇಳಿದೆ. ಹೆಸರಿನ ಕೊನೆಗೆ ‘ಚಾರಿ’ ಇತ್ತು, ಇಂಟಿಪೇರಿನ ಕೊನೆಗೆ ‘ಓಜು’ ಇತ್ತು. ಈ ಊರಿನಲ್ಲಿ ಬಾಳಿದ ನಿಮಗೆ ಇದು ಹೊಸದಲ್ಲ. ಮಾರೋಜು, ರಾಮೋಜು, ಕಾಸೋಜು ಎಂದು ತೆಲಂಗಾಣದ ವಿಶ್ವಕರ್ಮ ಮನೆತನಗಳ ಹೆಸರುಗಳನ್ನು ನೀವೂ ಕೇಳಿದ್ದೀರಿ. ಹಾಗೆಂದರೇನು ಎಂದು ನಾನು ಕೇಳಿದಾಗ ಅವರು ನಕ್ಕು, ‘ತಾತಂದಿರ ಕಾಲದಿಂದ ಬಂದದ್ದು’ ಎಂದರು.

ತಾತಂದಿರ ಕಾಲ ನಿಜಕ್ಕೂ ಬಹಳ ಹಿಂದಿನದು. ಸಂಸ್ಕೃತದ ‘ಉಪಾಧ್ಯಾಯ’ ಎಂಬ ಪದ ಪ್ರಾಕೃತದ ಬಾಯಲ್ಲಿ ಸವೆದು ಸವೆದು ‘ಓವಜ್ಜ’, ‘ಒಜ್ಜ’, ‘ಓಜ’ ಆಯಿತು. ಉತ್ತರದ ಕಡೆ ಅದೇ ‘ಓಝಾ’. ತೆಲುಗಿನಲ್ಲಿ ಒಜ್ಜ ಎಂದರೆ ಗುರು. ಹಳಗನ್ನಡದಲ್ಲಿ ಓಜ ಎಂದರೆ ಗುರುವೂ ಹೌದು, ಶಿಲ್ಪಿಯೂ ಹೌದು. ‘ಆಚಾರಿ’ ಎಂಬುದೂ ಅಷ್ಟೆ, ಆಚಾರ್ಯ ಎಂಬುದರ ತದ್ಭವ. ಅಂದರೆ ಕಟ್ಟುವವನಿಗೆ ನಮ್ಮ ಭಾಷೆಗಳು ಕೊಟ್ಟ ಎರಡು ಹೆಸರುಗಳೂ ಮೇಷ್ಟರು ಎಂದೇ ಹೇಳುತ್ತವೆ. ಕೆಲಸ ಬಲ್ಲವನೆಂದರೆ ಕೆಲಸ ಕಲಿಸುವವನು ಎಂದೇ ಹಿಂದಿನವರ ಲೆಕ್ಕ. ನಾವೋ, ಕಾಲೇಜಿನಲ್ಲಿ ಪಾಠ ಹೇಳುವವರನ್ನು ‘ಆಚಾರ್ಯರೇ’ ಎಂದು ಎದ್ದು ನಿಂತು ಕರೆಯುತ್ತೇವೆ, ಬಾಗಿಲು ರಿಪೇರಿಗೆ ಬಂದವರನ್ನು ‘ಏ ಆಚಾರಿ’ ಎನ್ನುತ್ತೇವೆ. ನಾನೂ ಹಾಗೆ ಕರೆದವನೇ. ಆ ದಿನದ ನಂತರ ಬಿಟ್ಟಿದ್ದೇನೆ.

ಈ ಓಜರ ಸಾಲು ಮುಂದೆಯೂ ನಿಲ್ಲಲಿಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವನ ಗುಡಿಯ ಮದನಿಕೆಯರಲ್ಲಿ ಹಲವರ ಕೆಳಗೆ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಎಂಬ ಹೆಸರುಗಳಿವೆ. ಬಳ್ಳಿಗಾವಿ ಇಂದು ಶಿಕಾರಿಪುರ ತಾಲ್ಲೂಕಿನ ಒಂದು ಹಳ್ಳಿ. ಅಂದು ಕೋಡಿಯಮಠದಂಥ ವಿದ್ಯಾಕೇಂದ್ರವಿದ್ದ ಪಟ್ಟಣ. ಅದು ಬೇರೆಯೇ ಲೇಖನಕ್ಕೆ ತಕ್ಕ ವಿಷಯವಾದ್ದರಿಂದ ಇಲ್ಲಿಗೇ ಬಿಡುತ್ತೇನೆ.

ನಮ್ಮ ಊರಿನವರಿಗೆ ಇನ್ನೂ ಹತ್ತಿರದ ನಂಟೊಂದಿದೆ. ಕರ್ನೂಲಿಗೆ ಹೋಗುವ ದಾರಿಯಲ್ಲಿ, ತುಂಗಭದ್ರೆಯ ದಡದಲ್ಲಿ ಆಲಂಪುರವಿದೆ. ಹಿಂದೆ ಮಹಬೂಬನಗರ ಜಿಲ್ಲೆ, 2016ರಿಂದ ಜೋಗುಳಾಂಬಾ ಗದ್ವಾಲ ಜಿಲ್ಲೆ. ನಮ್ಮವರು ಅಲ್ಲಿಗೆ ಹೋಗುವುದು ಜೋಗುಳಾಂಬೆಯ ದರ್ಶನಕ್ಕೆ. ದರ್ಶನ ಮುಗಿದ ಮೇಲೆ ಪಕ್ಕದಲ್ಲೇ ಇರುವ ನವಬ್ರಹ್ಮ ದೇವಾಲಯಗಳ ಕಡೆ ಹತ್ತು ನಿಮಿಷ ಕಣ್ಣು ಹಾಯಿಸಿ ಬಸ್ಸು ಹತ್ತುತ್ತಾರೆ. ಅವು ಬಾದಾಮಿಯ ಚಾಲುಕ್ಯರ ಕಾಲದವು. ಅವುಗಳಲ್ಲಿ ಸ್ವರ್ಗಬ್ರಹ್ಮ ಎಂಬುದು ವಿನಯಾದಿತ್ಯನ (ಸು. 681–696) ಆಳ್ವಿಕೆಯಲ್ಲಿ, ರಾಣಿಯ ಗೌರವಾರ್ಥ ಆದದ್ದೆಂದು ಶಾಸನವೇ ಹೇಳುತ್ತದೆ. ಒಂಬತ್ತರಲ್ಲಿ ತಾರಕಬ್ರಹ್ಮ ಒಂದನ್ನು ಬಿಟ್ಟರೆ ಉಳಿದವುಗಳ ಮೇಲೆ ಉತ್ತರದ ನಾಗರ ಶೈಲಿಯ ಬಾಗಿದ ಶಿಖರ. ಪಟ್ಟದಕಲ್ಲಿನ ಪಾಪನಾಥಕ್ಕೂ ಅದೇ ಬಗೆಯ ಶಿಖರ, ಅದೇ ಬಗೆಯ ಗೋಡೆಯ ಗೂಡುಗಳು. ಆಲಂಪುರದ ಕೈಗಳೇ ಪಾಪನಾಥದಲ್ಲೂ ದುಡಿದಿರಬೇಕೆಂದು ಬಲ್ಲವರ ಅಭಿಪ್ರಾಯ. ಮಲಪ್ರಭೆಗೂ ತುಂಗಭದ್ರೆಗೂ ನಡುವೆ ಅಂದು ಶಿಲ್ಪಿಗಳು ಓಡಾಡುತ್ತಿದ್ದರು, ಕಲಿಯುತ್ತಿದ್ದರು, ಕಲಿಸುತ್ತಿದ್ದರು. ಕನ್ನಡ, ತೆಲುಗು ಎಂಬ ಗಡಿ ಅವರ ಉಳಿಗೆ ಅಡ್ಡ ಬಂದಂತೆ ಕಾಣುವುದಿಲ್ಲ.

ಶ್ರೀಶೈಲ ಅಣೆಕಟ್ಟೆ ಕಟ್ಟಿದಾಗ ಕೂಡವೆಲ್ಲಿಯ ಸಂಗಮೇಶ್ವರ ಎಂಬ ಚಾಲುಕ್ಯ ಗುಡಿ ಹಿನ್ನೀರಿನಲ್ಲಿ ಮುಳುಗುವುದಿತ್ತು. ಅದನ್ನು ಕಲ್ಲು ಕಲ್ಲಾಗಿ ಬಿಚ್ಚಿ, ತಂದು, ಆಲಂಪುರದಲ್ಲಿ ಮತ್ತೆ ಕಟ್ಟಿದರು. ಬಿಚ್ಚಿದ್ದನ್ನು ಹಾಗೆಯೇ ಜೋಡಿಸಲು ಸಾಧ್ಯವಾಯಿತಲ್ಲ, ಆ ಜಾಣತನದಲ್ಲಿ ಮೊದಲು ಕಟ್ಟಿದವನದೂ ಒಂದು ಪಾಲಿದೆ. ಗಾರೆ ಮೆತ್ತಿ ಕಟ್ಟಿದ್ದರೆ ಈ ಕೆಲಸ ಇಷ್ಟು ಸಲೀಸಾಗುತ್ತಿರಲಿಲ್ಲ.

ಗುಂಡನ ಗುಡಿ ಮುಗಿದು ಹದಿನೈದಿಪ್ಪತ್ತು ವರ್ಷ ಕಳೆಯುವುದರೊಳಗೆ ಬಾದಾಮಿ ಚಾಲುಕ್ಯರ ಆಳ್ವಿಕೆಯೇ ಮುಗಿಯಿತು. ರಾಷ್ಟ್ರಕೂಟರು ಬಂದರು. ಪಟ್ಟ ಕಟ್ಟಿದ ಅರಸು ಮನೆತನ ಹೋಯಿತು, ವಿದ್ಯೆ ಹೋಗಲಿಲ್ಲ. ರಾಷ್ಟ್ರಕೂಟ ಒಂದನೆಯ ಕೃಷ್ಣನ (ಸು. 756–774) ಕಾಲದಲ್ಲಿ ಎಲ್ಲೋರದ ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕಡಿದು ಕೈಲಾಸ ದೇವಾಲಯ ಮಾಡಿದಾಗ ಅದಕ್ಕೆ ಮಾದರಿಯಾದದ್ದು ನಮ್ಮ ವಿರೂಪಾಕ್ಷವೇ ಎಂದು ಕಲಾ ಇತಿಹಾಸಕಾರರು ಬಹುಮಟ್ಟಿಗೆ ಒಪ್ಪುತ್ತಾರೆ. ಈ ಎಲ್ಲೋರವೂ 1956ರವರೆಗೆ ನಮ್ಮ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದೇ. ಆ ಗುಡಿಯ ಬಗ್ಗೆ ಬರೋಡದಲ್ಲಿ ಸಿಕ್ಕ 812ರ ಕಾಲದ ತಾಮ್ರಪಟವೊಂದು, ಅದನ್ನು ಮಾಡಿದ ಶಿಲ್ಪಿ ತನ್ನ ಕೆಲಸವನ್ನು ನೋಡಿ ತಾನೇ ಬೆರಗಾದನೆಂದು, ಮತ್ತೊಮ್ಮೆ ಮಾಡಲು ತನ್ನಿಂದಾಗದು ಎಂದುಕೊಂಡನೆಂದು ವರ್ಣಿಸುತ್ತದೆ. ಆದರೆ ಅವನ ಹೆಸರನ್ನು ಹೇಳುವುದಿಲ್ಲ. ಬೆಟ್ಟ ಕಡಿದವನು ಅನಾಮಿಕನಾಗಿಯೇ ಉಳಿದ. ಗುಂಡನಿಗೆ ಸಿಕ್ಕಿದ್ದು ಎಷ್ಟು ಅಪರೂಪದ್ದೆಂದು ಇದರಿಂದ ಅಂದಾಜು ಮಾಡಬಹುದು.

ಈಗ ನಿಮಗೆ ಎರಡು ಪ್ರಯಾಣಗಳನ್ನು ಸೂಚಿಸುತ್ತೇನೆ. ಹತ್ತಿರದ್ದು ಆಲಂಪುರ. ಕಾಚಿಗೂಡದಿಂದ ಕರ್ನೂಲಿನ ಕಡೆ ಹೋಗುವ ರೈಲುಮಾರ್ಗದಲ್ಲಿ ಆಲಂಪುರ ರೋಡ್ ನಿಲ್ದಾಣವಿದೆ. ಬಸ್ಸಿನಲ್ಲಾದರೆ ಹೆದ್ದಾರಿಯ ಆಲಂಪುರ ಕ್ರಾಸಿನಲ್ಲಿ ಇಳಿದು ಒಳಕ್ಕೆ ಹೋಗಬೇಕು. ಬೆಳಿಗ್ಗೆ ಹೊರಟರೆ ರಾತ್ರಿ ಊಟಕ್ಕೆ ಮನೆ ಸೇರಬಹುದು. ಮಕ್ಕಳನ್ನು ಕರೆದುಕೊಂಡು ಹೋಗಿ, ಒಂಬತ್ತು ಗುಡಿಗಳನ್ನೂ ಎಣಿಸಲು ಹೇಳಿ, ಶಿಖರ ಬೇರೆಯಾಗಿರುವುದು ಯಾವುದೆಂದು ಅವರೇ ಹುಡುಕಲಿ.

ದೂರದ್ದು ಪಟ್ಟದಕಲ್ಲು, ಬಾದಾಮಿಯಿಂದ 22 ಕಿಲೋಮೀಟರು. ಸಂಘದ ಮುಂದಿನ ಪ್ರವಾಸಕ್ಕೆ ಕಾರ್ಯಕಾರಿ ಸಮಿತಿಯವರು ಇದನ್ನು ಮನಸ್ಸಿಗೆ ತಂದುಕೊಳ್ಳಲಿ ಎಂದು ನನ್ನ ಕೋರಿಕೆ. ಒಂದು ಇಡೀ ದಿನ ಅಲ್ಲಿಗೇ ಮೀಸಲಿಡಬೇಕು. ಗೈಡುಗಳು ನಿಮ್ಮನ್ನು ನೇರವಾಗಿ ನಂದಿಯ ಕಡೆಗೆ, ಅಲ್ಲಿಂದ ಒಳಗೆ ರಾವಣನ ಕಡೆಗೆ ಕರೆದೊಯ್ಯುತ್ತಾರೆ. ನೀವು ಮೊದಲು ನದಿಯ ಕಡೆಗಿರುವ ಪೂರ್ವದ ಹೆಬ್ಬಾಗಿಲಿಗೆ ಹೋಗಿ. ಬೆಳಗಿನ ಎಳೆಬಿಸಿಲು ಓರೆಯಾಗಿ ಬೀಳುವಾಗ ಹಳೆಯ ಅಕ್ಷರಗಳು ಚೆನ್ನಾಗಿ ಎದ್ದು ಕಾಣುತ್ತವೆ. ಇಂದಿನ ಕನ್ನಡ ಬಲ್ಲವರಿಗೆ ಆ ಲಿಪಿ ಒಮ್ಮೆಗೇ ಓದಲು ಬಾರದು, ಆದರೂ ಅದು ನಮ್ಮದೇ ಲಿಪಿಯ ಎಳವೆಯ ರೂಪ. ಗುಂಡ ಇರುವುದು ಅಲ್ಲಿ.